ಗುಂಡಿ ಹಾಕೋದೊಂದೇ ಬಾಕಿ

ಹೆಂಡತಿ: ನಿಮ್ಮ ಮಗಳು ನಮ್ಮಪ್ಪನ್ನ ಸಾಯಿಸಿಬಿಟ್ಟಿದ್ದಾಳೆ.

ದರ್ಜಿ: ಯಾವಾಗ?

ಹೆಂಡತಿ: ಹೋದ ವಾರ. ಸ್ಕೂಲಲ್ಲಿ.

ಮಾವ: ನಾನು ಇಲ್ಲೇ ಇದ್ದೀನಮ್ಮ.

ಹೆಂಡತಿ: ನೀವು ಸುಮ್ನಿರಿ ಅಪ್ಪ. ನಿಮ್ಮ ವಿಷಯನೇ ಮಾತಾಡ್ತಿರೋದು.

(ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಮಿಷನ್ನು, ನಡುವೆ ಬಟ್ಟೆ ಕತ್ತರಿಸುವ ಮೇಜು, ಮೇಜಿನ ಕೆಳಗೆ ಗಂಟುಗಂಟಾಗಿ ಊರ ಜನರ ಬಟ್ಟೆ. ನನ್ನದೂ ಒಂದು ಶರಟಿನ ಬಟ್ಟೆ ಅಲ್ಲೇ ಇದೆ. ಯಾವ ಗಂಟಿನಲ್ಲಿ ಅಂತ ಕೇಳುವುದನ್ನು ಬಿಟ್ಟಿದ್ದೇನೆ. ದರ್ಜಿ ಮಿಷನ್ನಿನ ಮೇಲಿಂದ ಕಾಲು ತೆಗೆದಿಲ್ಲ. ಗಿರಾಕಿಗಳ ಕುರ್ಚಿಯಲ್ಲಿ ಮಾವ ಕೂತಿದ್ದಾರೆ. ಅವರು ರೈಲಿನಲ್ಲಿ ಟಿ.ಸಿ. ಆಗಿದ್ದು ನಿವೃತ್ತರಾದವರು. ಮೊಮ್ಮಗಳನ್ನು ರಜಕ್ಕೆ ಕರೆದುಕೊಂಡು ಹೋಗಲು ನಿನ್ನೆ ಸಂಜೆ ಬಂದಿಳಿದಿದ್ದಾರೆ. ಆರೋಗ್ಯ ಗಟ್ಟಿಮುಟ್ಟಾಗಿದೆ.)

ಹೆಂಡತಿ: ಬೆಳಿಗ್ಗೆ ಅಪ್ಪ ಅವಳನ್ನ ಬಿಡೋಕೆ ಹೋದ್ರಲ್ಲ, ಗೇಟಲ್ಲಿ ಮಿಸ್ ನಿಂತಿದ್ರಂತೆ. ನೀವ್ಯಾರು ಅಂದ್ರಂತೆ. ಇವರು, ಹುಡುಗಿಯ ತಾತ, ಅವರಮ್ಮನ ತಂದೆ ಅಂದ್ರಂತೆ. ಅಷ್ಟು ಹೇಳಿದ್ದೇ ತಡ, ಮಿಸ್ ಎರಡು ಹೆಜ್ಜೆ ಹಿಂದಕ್ಕೆ ಹೋದ್ರಂತೆ.

ಮಾವ: ಎರಡು ಹೆಜ್ಜೆ ಎಲ್ಲಿ ಬಂತು. ಗೇಟಿನೊಳಗೇ ಹೋಗಿಬಿಟ್ರು.

ದರ್ಜಿ: ಗುರುತಿಲ್ಲದವರನ್ನ ಕಂಡ್ರೆ ಯಾರಾದ್ರೂ ಹಿಂದಕ್ಕೆ ಹೋಗ್ತಾರೆ ಮಾವ.

ಮಾವ: ಗುರುತಿಲ್ಲದವರಿಗೋಸ್ಕರ ಯಾರೂ ಮೌನ ಆಚರಿಸಲ್ಲ ಅಳಿಯಂದ್ರೆ. ಒಂದನೇ ಕ್ಲಾಸಿನ ಮಕ್ಕಳೆಲ್ಲ ನನಗೋಸ್ಕರ ಎದ್ದು ನಿಂತಿದ್ರಂತೆ. ನಾನು ರಿಟೈರ್ ಆದ ದಿನ ಆಫೀಸಲ್ಲಿ ಒಬ್ಬನೂ ಎದ್ದು ನಿಂತಿರಲಿಲ್ಲ.

ದರ್ಜಿ: ಹಾಗಾದ್ರೆ ಒಂಥರಾ ಒಳ್ಳೇದೇ ಆಯ್ತು.

ಹೆಂಡತಿ: ಏನ್ರೀ ಒಳ್ಳೇದು? ಸಂಜೆ ಮಿಸ್ ಇಲ್ಲಿಗೇ ಬರ್ತಿದ್ದಾರೆ. ನಾಳೆ ರಜಕ್ಕೆ ಮುಂಚೆ ಕೊನೇ ದಿನ. ಬೆಳಿಗ್ಗೆ ಸ್ಕೂಲಿನ ಮಕ್ಕಳೆಲ್ಲ ಸಾಲಾಗಿ ನಿಂತಿರ್ತಾರಲ್ಲ, ಅವರೆಲ್ಲರ ಮುಂದೆ ಇವಳನ್ನ ನಿಲ್ಲಿಸಿ 'ನಾನು ಸುಳ್ಳು ಹೇಳಿದೆ' ಅಂತ ಹೇಳಿಸ್ತಾರಂತೆ.

(ಮಿಷನ್ನು ನಿಂತಿತು.)

ದರ್ಜಿ: ಎಲ್ಲರ ಮುಂದೆನಾ?

ಹೆಂಡತಿ: ಎಲ್ಲರ ಮುಂದೆ.

ದರ್ಜಿ: ಆರು ವರ್ಷದ ಮಗು ಕಣೇ ಅದು.

ಹೆಂಡತಿ: ಆರು ವರ್ಷಕ್ಕೇ ತಾತನ್ನ ಸಾಯಿಸಿದವಳು ಮುಂದೆ ನಮ್ಮನ್ನ ಬಿಡ್ತಾಳಾ?

ದರ್ಜಿ: ಮಕ್ಕಳು ಅಂದ್ಮೇಲೆ ಏನೋ ಒಂದು ಕಲ್ಪನೆ ಇರುತ್ತೆ.

ಹೆಂಡತಿ: ಕಲ್ಪನೇಲಿ ರೆಕ್ಕೆ ಇರೋ ಆನೆ ಬರಲಿ, ಮಾತಾಡೋ ಬೆಕ್ಕು ಬರಲಿ, ಯಾರು ಬೇಡ ಅಂದ್ರು? ನಮ್ಮಪ್ಪ ಯಾಕೆ ಸಾಯಬೇಕು? ಅದೂ ಹೇಗೆ ಸಾಯಿಸಿದ್ದಾಳೋ ಏನೋ. ಬಚ್ಚಲುಮನೇಲಿ ಕಾಲು ಜಾರಿ ಅಂತಿರಬೇಕು. ಅಪ್ಪನಿಗೆ ಅದೇ ಹೆದರಿಕೆ, ಅವಳ ಮುಂದೆ ಹೇಳ್ತಾನೇ ಇರ್ತಾರೆ.

ಮಾವ: ಬಚ್ಚಲುಮನೇಲಾ? ಮೂವತ್ತು ವರ್ಷ ಓಡೋ ರೈಲಲ್ಲಿ ನಡೆದಾಡಿದವನು ನಾನು. ಇನ್ನೊಂಚೂರು ಮರ್ಯಾದೆಯಾಗಿ ಸಾಯಿಸಬಾರದಿತ್ತಾ?

ದರ್ಜಿ: ಛೆ, ಇಲ್ಲ ಮಾವ. ನಿದ್ದೇಲೇ ಹೋದ್ರಿ. ಏನೂ ನೋವಾಗಲಿಲ್ಲ.

(ದರ್ಜಿ ಸೂಜಿಗೆ ದಾರ ಪೋಣಿಸಲು ಶುರುಮಾಡಿದ. ಸೂಜಿಯಲ್ಲಿ ಆಗಲೇ ದಾರ ಇತ್ತು.)

ಹೆಂಡತಿ: ನಿಮಗೆ ಹೇಗೆ ಗೊತ್ತು?

ದರ್ಜಿ: ಹೋಗೋದಾದ್ರೆ ಹಾಗೆ ಹೋಗ್ತಾರೆ ಅಂದೆ. ನಿಮ್ಮಪ್ಪನಂಥ ಒಳ್ಳೇವರಿಗೆ ಅದೇ ಬರೋದು.

(ಮಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಅಳಿಯನನ್ನು ನೋಡಿದರು. ಟಿಕೆಟ್ಟಿನ ಮೇಲೆ ಅನುಮಾನ ಬಂದಾಗ ಅವರು ಮಾಡುತ್ತಿದ್ದುದು ಇದನ್ನೇ. ಅಷ್ಟರಲ್ಲಿ ಮಗಳು ಸ್ಕೂಲಿಂದ ಬಂದು ಚೀಲವನ್ನು ಯಾರದೋ ಪ್ಯಾಂಟಿನ ಬಟ್ಟೆಯ ಮೇಲೆ ಎಸೆದಳು. ಬೀದಿಯವರೆಲ್ಲ ಅವಳನ್ನು ಕರೆಯುವುದು ಚಿನಕುರುಳಿ ಅಂತ. ಇವತ್ತು ಸದ್ದಿಲ್ಲ. ಮಗು ಸುಳ್ಳು ಹೇಳಿದರೆ ಬೈಯಬಾರದು, ಸಕ್ಕರೆಯಂತೆ ಮಾತಾಡಿ ನಿಜ ಹೊರಡಿಸಬೇಕು ಅಂತ ಹೆಂಡತಿ ಎಲ್ಲೋ ಓದಿದ್ದಳು.)

ಹೆಂಡತಿ: ಬಾ ಬಂಗಾರ. ಕೈಕಾಲು ತೊಳ್ಕೊಂಡ್ಯಾ?

ಮಗಳು: ತೊಳ್ಕೊಂಡೆ.

ಹೆಂಡತಿ: ಈಗ ತಾನೇ ಬಾಗಿಲಿಂದ ಒಳಗೆ ಬಂದೆಯಲ್ಲೇ.

ಮಗಳು: ಆಗೇ ಹೋಯ್ತಮ್ಮ. ನೀರು ಹಾಕ್ಕೊಳ್ಳೋದೊಂದೇ ಬಾಕಿ.

ಹೆಂಡತಿ: ಮತ್ತೆ ಹೋಂವರ್ಕು?

ಮಗಳು: ಅದೂ ಆಗಿದೆ. ಪೆನ್ಸಿಲ್ ಕೆತ್ತಿಟ್ಟಿದ್ದೀನಿ. ಅಕ್ಷರ ಬರೆಯೋದೊಂದೇ ಬಾಕಿ.

ಮಾವ: ಈ ಮಾತು ಎಲ್ಲೋ ಕೇಳಿದ ಹಾಗಿದೆ.

(ಎಲ್ಲೋ ಏನು, ಇದೇ ಕುರ್ಚಿಯಲ್ಲಿ ಕೂತು ನಾವೆಲ್ಲ ಕೇಳಿದ್ದೇವೆ. ಬಟ್ಟೆ ಕೊಟ್ಟ ತಕ್ಷಣ ಈ ದರ್ಜಿ ಅದರ ಒಂದು ಮೂಲೆಯನ್ನು ಉಗುರಿನಷ್ಟು ಕತ್ತರಿಸಿ ಇಟ್ಟುಬಿಡುತ್ತಾನೆ. ಮಾರನೇ ದಿನ ಕೇಳಿದರೆ 'ಕತ್ತರಿ ಬಿದ್ದಿದೆ' ಅಂತ ಹೇಳಬಹುದು, ನೋಡಿ. ಅದಾದ ಮೇಲೆ ಎಷ್ಟು ಸಲ ಹೋದರೂ 'ಗುಂಡಿ ಹಾಕೋದೊಂದೇ ಬಾಕಿ'. ಕೈಕೆಲಸ ಮಾತ್ರ ಚಿನ್ನದಂಥದು. ಅದಕ್ಕೇ ಬೈದುಕೊಂಡು ಮತ್ತೆ ಅಲ್ಲಿಗೇ ಹೋಗುತ್ತೇವೆ.)

ಹೆಂಡತಿ: ಆಯ್ತು ಬಿಡು. ನೋಡು, ಯಾರೂ ಬೈಯಲ್ಲ, ಯಾರೂ ಹೊಡೆಯಲ್ಲ. ತಾತ ಹೋಗಿಬಿಟ್ರು ಅಂತ ಮಿಸ್ಸಿಗೆ ಹೇಳಿದ್ಯಾ?

(ಮಗಳು ಅಪ್ಪನ ಮುಖ ನೋಡಿದಳು. ಅಪ್ಪ ಕತ್ತರಿ ಹುಡುಕುತ್ತಿದ್ದ.)

ಮಗಳು: ಹೂಂ.

ಹೆಂಡತಿ: ಯಾಕೆ ಹಾಗಂದೆ?

(ಮತ್ತೆ ಅಪ್ಪನ ಮುಖ.)

ಮಗಳು: ಸುಮ್ನೆ.

ಹೆಂಡತಿ: ಸುಮ್ನೆ ಸುಮ್ನೆ ಯಾರಾದ್ರೂ ಇರೋ ತಾತನ್ನ…

ಮಾವ: ನೀನು ಸ್ವಲ್ಪ ತಡಿಯಮ್ಮ. ಇದು ನನ್ನ ಡಿಪಾರ್ಟ್‌ಮೆಂಟು. ರೈಲಲ್ಲಿ ಹಾಫ್ ಟಿಕೆಟ್ ಮಗು ಸಿಕ್ಕಿದ್ರೆ ನಾನು ಅಪ್ಪನ್ನ ಕೇಳ್ತಿರಲಿಲ್ಲ, ಮಗೂನೇ ಕೇಳ್ತಿದ್ದೆ, ಎಷ್ಟು ವರ್ಷ ಪುಟ್ಟ ಅಂತ. ನಿಜವಾಗ್ಲೂ ಚಿಕ್ಕದಾಗಿದ್ರೆ ಅದು ನನ್ನ ಮುಖ ನೋಡ್ಕೊಂಡು ಏನೋ ಒಂದು ಹೇಳೋದು. ಹೇಳಿಕೊಟ್ಟು ಹತ್ತಿಸಿದ್ರೆ, ಬಾಯಿ ಬಿಡೋಕೆ ಮುಂಚೆ ಅಪ್ಪನ ಮುಖ ನೋಡೋದು. ಆಗ ಮಗೂಗೆ ಒಂದು ಪೆಪ್ಪರಮೆಂಟು ಕೊಟ್ಟು ಅಪ್ಪನಿಗೆ ದಂಡ ಹಾಕ್ತಿದ್ದೆ.

ದರ್ಜಿ: ಮಾವ, ಇದು ರೈಲಲ್ಲ.

ಮಾವ: ಅದು ನಿಮ್ಮ ಪುಣ್ಯ. ರೈಲಾಗಿದ್ರೆ ಇಷ್ಟು ಹೊತ್ತಿಗೆ ಇಳಿಸಿರ್ತಿದ್ದೆ. ಮಗು, ನೀನು ನನ್ನ ನೋಡ್ಕೊಂಡು ಹೇಳು. ಏನಾಯ್ತು ಕ್ಲಾಸಲ್ಲಿ?

ಮಗಳು: ಅಂಗಡಿ ಮಾತು ಹೊರಗೆ ಹೇಳಬಾರದು ತಾತ.

ಮಾವ: ನಾನು ಅಂಗಡಿ ಒಳಗೇ ಕೂತಿದ್ದೀನಲ್ಲ.

(ಇದು ನ್ಯಾಯವಾಗಿದೆ ಅಂತ ಅವಳಿಗೆ ಅನಿಸಿತು.)

ಮಗಳು: ಮಿಸ್ಸು ಅವರ ಕೋಟು ಆಯ್ತಾ ಅಂತ ಕೇಳಿದ್ರು. ಗುಂಡಿ ಹಾಕೋದೊಂದೇ ಬಾಕಿ ಅಂದೆ. ಆಮೇಲೆ ಅವರು, ನಿಮ್ಮಪ್ಪ ಯಾವಾಗ್ಲೂ ನಾಳೆ ನಾಳೆ ಅಂತಾರೆ, ನಿಮ್ಮಪ್ಪನ ಮಾತು ಮಾತೇ ಅಲ್ವಾ ಅಂದ್ರು. ಎಲ್ಲರೂ ನಕ್ಕುಬಿಟ್ರು. ಅದಕ್ಕೇ ತಾತ ಹೋಗಿಬಿಟ್ರು ಅಂದೆ.

ಹೆಂಡತಿ: ಅದಕ್ಕೇ ಅಂದ್ರೆ?

ಮಗಳು: ಅಪ್ಪ ಹಾಗಂದ ತಕ್ಷಣ ಬೈಯೋ ಗಿರಾಕಿಗಳು ಸುಮ್ಮನಾಗಿಬಿಡ್ತಾರಲ್ಲಮ್ಮ. ಕ್ಲಾಸಲ್ಲೂ ಹಾಗೇ ಆಯ್ತು. ಯಾರೂ ನಗಲಿಲ್ಲ.

(ದರ್ಜಿ ಕತ್ತರಿ ಹುಡುಕುವುದನ್ನು ಬಿಟ್ಟ. ಊರೆಲ್ಲ ಬಾಗಿಲಲ್ಲಿ ನಿಂತು ಬೈದರೂ ಅವನು ತಲೆ ಎತ್ತಿದವನಲ್ಲ. ತನ್ನ ಮರ್ಯಾದೆ ಉಳಿಸಲು ಈ ಗೇಣುದ್ದದ ಮಗು ಇಡೀ ಕ್ಲಾಸಿನ ಎದುರು ಎದ್ದು ನಿಂತಿತಲ್ಲ ಅಂತ ಮಗಳನ್ನೇ ನೋಡಿದ. ಹೆಂಡತಿ ಸಕ್ಕರೆ ಮಾತನ್ನು ಅಲ್ಲಿಗೇ ನಿಲ್ಲಿಸಿ ಗಂಡನ ಕಡೆ ತಿರುಗಿದಳು.)

ಹೆಂಡತಿ: ನೀವು ನಮ್ಮಪ್ಪನ್ನ ಎಷ್ಟು ಸಲ ಸಾಯಿಸಿದ್ದೀರಿ?

ದರ್ಜಿ: ಒಬ್ಬೊಬ್ಬ ಗಿರಾಕಿಗೆ ಒಂದೊಂದೇ ಸಲ ಕಣೇ. ಅದಕ್ಕಿಂತ ಜಾಸ್ತಿ ಹೇಳಿದ್ರೆ ಚೆನ್ನಾಗಿರಲ್ಲ.

ಮಾವ: ಅಲ್ಲ ಅಳಿಯಂದ್ರೆ, ನಾನೇ ಯಾಕೆ? ನಿಮ್ಮಪ್ಪನ ಹೆಸರು ಹೇಳಬಹುದಿತ್ತಲ್ಲ.

ದರ್ಜಿ: ನಮ್ಮಪ್ಪ ತೀರಿಕೊಂಡು ಎಷ್ಟೋ ವರ್ಷ ಆಯ್ತಲ್ಲ ಮಾವ. ಈಗ ಹೋದ್ರು ಅಂದ್ರೆ ಅದು ಸುಳ್ಳಾಗುತ್ತೆ.

ಮಾವ: ನನ್ನ ವಿಷಯದಲ್ಲಿ ಸುಳ್ಳಾಗಲ್ವಾ?

ದರ್ಜಿ: ನಿಮಗೆ ವಯಸ್ಸಾಗಿದೆ. ಸ್ವಲ್ಪ ಮುಂಚೆ ಹೇಳ್ತಿದ್ದೆ, ಅಷ್ಟೇ.

(ಮಾವ ತಮ್ಮ ನಾಡಿಯನ್ನು ತಾವೇ ಹಿಡಿದು ನೋಡಿಕೊಂಡರು.)

ಹೆಂಡತಿ: ಮಿಸ್ ಬರೋ ಹೊತ್ತಾಯ್ತು. ನೀವು ಎಲ್ಲಾನೂ ಇದ್ದದ್ದು ಇದ್ದ ಹಾಗೆ ಅವರಿಗೆ ಹೇಳಬೇಕು. ನಾಳೆ ನನ್ನ ಮಗಳು ಅಷ್ಟು ಜನರ ಮುಂದೆ ನಿಂತ್ರೆ ನಾನು ನಿಮ್ಮ ಜೊತೆ ಮಾತೇ ಆಡಲ್ಲ.

ದರ್ಜಿ: ಹೇಳ್ತೀನಿ.

ಹೆಂಡತಿ: ನಿಜ?

ದರ್ಜಿ: ನಿಜವಾಗ್ಲೂ ಹೇಳ್ತೀನಿ ಕಣೇ. ಅವಳನ್ನ ನಿಲ್ಲಿಸಿದ್ರೆ ನಾನು ಬದುಕಿದ್ದೂ ಸತ್ತ ಹಾಗೆ.

ಮಾವ: ನಿಮಗೆ ಈ ಸಾವಿನ ಮಾತು ಬಿಟ್ಟು ಬೇರೆ ಬರಲ್ವಾ?

ಹೆಂಡತಿ: ಅವರ ಕೋಟಿಗೇನು ಹೇಳ್ತೀರಿ? ನಾಡಿದ್ದು ಅವರಿಗೆ ಇಂಟರ್‌ವ್ಯೂ ಇದೆಯಂತೆ.

ದರ್ಜಿ: ಗುಂಡಿ ಹಾಕೋದೊಂದೇ ಬಾಕಿ.

(ಹೆಂಡತಿ ನೋಡಿದ ನೋಟಕ್ಕೆ ಬೇರೆ ಗಂಡಸಾಗಿದ್ದರೆ ಎದ್ದು ಹೋಗುತ್ತಿದ್ದ. ದರ್ಜಿ ಮಿಷನ್ನಿನಿಂದ ಬೂದು ಬಣ್ಣದ ಕೋಟು ಎತ್ತಿ ಮೇಜಿನ ಮೇಲೆ ಹರವಿದ. ಕಾಲರು, ತೋಳು, ಒಳಗಿನ ಲೈನಿಂಗು, ಜೇಬು ಎಲ್ಲ ಇತ್ತು. ಗುಂಡಿ ಇರಲಿಲ್ಲ.)

ಹೆಂಡತಿ: ಕಣ್ಣಾರೆ ನೋಡ್ತಿದ್ದೀನಿ, ಆದ್ರೂ ನಂಬೋಕಾಗ್ತಿಲ್ಲ.

ದರ್ಜಿ: ನಿನ್ನೆ ಸಂಜೆ ಮಾವ ಚೀಲ ಹಿಡ್ಕೊಂಡು ಬಾಗಿಲಲ್ಲಿ ಬಂದು ನಿಂತ್ರಲ್ಲ, ಎದೆ ಧಸಕ್ ಅಂತು. ಗಿರಾಕಿಗಳು ಯಾರಾದ್ರೂ ನೋಡಿಬಿಟ್ರೆ ಇನ್ಮೇಲೆ ಆ ನೆಪ ನಡೆಯಲ್ಲ. ಅರ್ಜೆಂಟಿರೋ ಇದನ್ನ ಮೊದಲು ಮುಗಿಸಿಬಿಡೋಣ ಅಂತ ಕೂತೆ.

ಮಾವ: ಅಂತೂ ನಾನು ಬದುಕಿರೋದ್ರಿಂದ ಒಬ್ಬರಿಗಾದ್ರೂ ಉಪಯೋಗ ಆಯ್ತು.

(ಹೊರಗೆ ಚಪ್ಪಲಿ ಬಿಟ್ಟ ಸದ್ದು. ಹೆಂಡತಿ ಕೋಟನ್ನು ಸರಕ್ಕನೆ ಒಳಕೋಣೆಯ ಗೂಟಕ್ಕೆ ಸಿಕ್ಕಿಸಿ ಬಂದಳು. ಮೊದಲು ಮಗಳ ವಿಷಯ, ಆಮೇಲೆ ಕೋಟು. ಮಿಸ್ ಒಳಗೆ ಬಂದು, ಕುರ್ಚಿಯಲ್ಲಿದ್ದ ಮಾವನನ್ನು ನೋಡಿ, ಸ್ವಲ್ಪ ದೂರದ ಸ್ಟೂಲು ಎಳೆದುಕೊಂಡರು.)

ಮಿಸ್: ನಾನು ಕೋಟಿನ ವಿಷಯಕ್ಕೆ ಬಂದಿಲ್ಲ. ಮಗೂನ ವಿಷಯಕ್ಕೆ ಬಂದೆ.

ದರ್ಜಿ: ಮಿಸ್, ಸುಳ್ಳು ಅವಳದಲ್ಲ, ನನ್ನದು. ಬಟ್ಟೆ ತಡ ಆದಾಗೆಲ್ಲ ಗಿರಾಕಿಗಳಿಗೆ ಮಾವ ಹೋಗಿಬಿಟ್ರು ಅಂತ ನಾನೇ ಹೇಳ್ತಿದ್ದೆ. ಅವಳು ಇಲ್ಲಿ ಕೂತು ಕೇಳಿಸ್ಕೊಂಡಿದ್ದಾಳೆ. ಅವಳನ್ನ ನಿಲ್ಲಿಸಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ.

(ಮಿಸ್ ಅವನನ್ನು ಬಹಳ ಹೊತ್ತು ನೋಡಿದರು. ಅವರ ಕಣ್ಣು ತೇವವಾಯಿತು.)

ಮಿಸ್: ನೀವು ಎಷ್ಟು ಒಳ್ಳೇ ತಂದೆ.

ದರ್ಜಿ: ಅಯ್ಯೋ, ಅಲ್ಲ ಮಿಸ್.

ಮಿಸ್: ಮಗೂನ ತಪ್ಪನ್ನ ಮೈಮೇಲೆ ಎಳ್ಕೊಳ್ತಿದ್ದೀರಿ. ನಾನು ಎಷ್ಟು ಜನ ತಂದೆತಾಯಿನ ನೋಡಿಲ್ಲ. ಆದ್ರೆ ಮಗುಗೋಸ್ಕರ ಅಂತ ನೀವು ಹೀಗೆ ಸುಳ್ಳು ಹೇಳಬಾರದು.

ಹೆಂಡತಿ: ಮಿಸ್, ಅವರು ಹೇಳ್ತಿರೋದು ನಿಜ.

ಮಿಸ್: ನೀವೂ ಸೇರ್ಕೊಂಡ್ರಾ?

ಮಾವ: ನಾನೇ ಸಾಕ್ಷಿ ಇದ್ದೀನಲ್ಲ ತಾಯಿ.

ಮಿಸ್: ನೀವು ಇದ್ದೀರಿ ಅನ್ನೋದೇ ಅವಳು ಸುಳ್ಳು ಹೇಳಿದ್ದಕ್ಕೆ ಸಾಕ್ಷಿ. ನನಗೆ ಟೈಲರು ಒಂದು ದಿನವೂ ಮಾವ ಹೋದ್ರು ಅಂತ ಹೇಳಿಲ್ಲ. ನನಗೆ ಹೇಳಿದ್ದು ಬೇರೆ.

ಹೆಂಡತಿ: ನಿಮಗೇನು ಹೇಳಿದ್ರು?

ಮಿಸ್: ಇನ್ನೇನು, ಗುಂಡಿ ಹಾಕೋದೊಂದೇ ಬಾಕಿ ಅಂತ. ಅಂದ ಹಾಗೆ ಅದು ಎಲ್ಲಿಗೆ ಬಂತು?

ದರ್ಜಿ: ಗುಂಡಿ ಹಾಕೋದೊಂದೇ ಬಾಕಿ.

(ಮಿಸ್ ಕಣ್ಣು ಒರೆಸಿಕೊಂಡರು. ಮುಖ ಬದಲಾಯಿತು.)

ಮಿಸ್: ಈಗ ನಂಬಿದೆ. ಕೇಳಿದ ತಕ್ಷಣ ಎಷ್ಟು ಸಲೀಸಾಗಿ ಬಂತು ನೋಡಿ ಬಾಯಿಗೆ. ನೀವು ಮಾವನ್ನೇನು, ಯಾರನ್ನ ಬೇಕಾದ್ರೂ ಸಾಯಿಸ್ತೀರಿ. ಪಾಪ, ಆ ಮಗೂದು ಏನೂ ತಪ್ಪಿಲ್ಲ.

(ಗಂಡ ಹೆಂಡತಿ ಇಬ್ಬರೂ ಉಸಿರು ಬಿಟ್ಟರು. ಎಲ್ಲ ಸರಿಹೋಗುತ್ತಿತ್ತು. ಆದರೆ ಇದನ್ನೆಲ್ಲ ಕೇಳುತ್ತ ನಿಂತಿದ್ದ ಮಗಳ ಮುಖ ಕೆಂಪಗಾಗಿತ್ತು.)

ಮಗಳು: ಇಲ್ಲ ಮಿಸ್. ನಮ್ಮಪ್ಪ ನಿಜ ಹೇಳ್ತಿದ್ದಾರೆ.

ಹೆಂಡತಿ: ನೀನು ಸುಮ್ನಿರೇ.

(ಸುಮ್ಮನಿರುವ ಪೈಕಿಯೇ ಅದು? ಒಳಗೆ ಓಡಿ, ಗೂಟದಿಂದ ಕೋಟು ಎಳೆದು ತಂದು ಮಿಸ್ಸಿನ ತೊಡೆಯ ಮೇಲೆ ಹಾಕಿತು. ಮಿಸ್ ತೋಳು ತೂರಿಸಿ ಹಾಕಿಕೊಂಡು ನೋಡಿದರು. ಅಳತೆ ತೆಗೆದು ಅಚ್ಚು ಹಾಕಿದ ಹಾಗೆ ಕೂತಿತು.)

ಮಿಸ್: ನಿಜವಾಗ್ಲೂ ಗುಂಡಿ ಹಾಕೋದೊಂದೇ ಬಾಕಿ.

ಮಗಳು: ನಾನು ಹೇಳಲಿಲ್ವಾ?

ಮಿಸ್: ಹಾಗಾದ್ರೆ ನೀವು ಮಾತಿಗೆ ತಪ್ಪದವರು. ಸುಳ್ಳು ನನ್ನದು ಅಂದಿದ್ದೂ ಮಗೂನ ಉಳಿಸೋಕೇ. ಇಷ್ಟು ದಿನ ನಾನೇ ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ, ಕ್ಷಮಿಸಿ. ಆದ್ರೆ ಇಂಥ ಮನೇಲಿ ಈ ಮಗುಗೆ ಸುಳ್ಳು ಎಲ್ಲಿಂದ ಬಂತು? ಇಲ್ಲ ಇಲ್ಲ, ಈಗಲೇ ತಿದ್ದಬೇಕು. ನಾಳೆ ಬೆಳಿಗ್ಗೆ ನಿಲ್ಲಿಸ್ತೀನಿ.

(ಜೀವಮಾನದಲ್ಲಿ ಹೇಳಿದ ಒಂದೇ ಒಂದು ನಿಜ ಹೀಗೆ ಕೈಕೊಡುತ್ತದೆ ಅಂತ ದರ್ಜಿಗೆ ಗೊತ್ತಿರಲಿಲ್ಲ. ಅದೇ ಹೊತ್ತಿಗೆ ಔಷಧಿ ಅಂಗಡಿಯವರು ಬಾಗಿಲಲ್ಲಿ ತಲೆ ಹಾಕಿದರು. ಒಳ್ಳೆಯ ಗಿರಾಕಿ. ಕೊಟ್ಟ ಬಟ್ಟೆಗೆಲ್ಲ ಮುಂಚೆಯೇ ಹಣ ಕೊಡುವವರು.)

ಔಷಧಿ ಅಂಗಡಿಯವರು: ನನ್ನ ಪ್ಯಾಂಟು ಆಯ್ತೇನಪ್ಪ?

(ದರ್ಜಿ ಮಗಳ ಮುಖ ನೋಡಿದ. ಆಮೇಲೆ ಔಷಧಿ ಅಂಗಡಿಯವರ ಕಡೆ ತಿರುಗಿದ.)

ದರ್ಜಿ: ಎಲ್ಲಿ ಆಗುತ್ತೆ ಸಾರ್. ನಮ್ಮ ಮಾವ ಹೋಗಿಬಿಟ್ರು.

ಔಷಧಿ ಅಂಗಡಿಯವರು: ಮತ್ತೆನಾ?

(ಮಿಸ್ ಕೋಟಿನ ತೋಳು ಬಿಚ್ಚುತ್ತಿದ್ದವರು ಅರ್ಧಕ್ಕೇ ನಿಂತರು.)

ಮಿಸ್: ಮತ್ತೆ ಅಂದ್ರೆ?

ಔಷಧಿ ಅಂಗಡಿಯವರು: ಹೋದ ಸಲ ನನ್ನ ಶರಟು ಕೊಟ್ಟಾಗಲೂ ಹೋಗಿದ್ರಲ್ಲ. ನಿದ್ದೇಲೇ ಅಂತೆ, ಪಾಪ. ನಾನೇ ಇಲ್ಲಿ ಕೂತು ಇವನಿಗೆ ಸಮಾಧಾನ ಹೇಳಿ ಹೋಗಿದ್ದೆ.

ಮಾವ: ಬಹಳ ಉಪಕಾರ ಆಯ್ತು.

ಔಷಧಿ ಅಂಗಡಿಯವರು: ತಾವು ಯಾರು ಗೊತ್ತಾಗಲಿಲ್ಲ.

ಮಗಳು: ಅವರೇ ನಮ್ಮ ತಾತ. ಚೆನ್ನಾಗಿದ್ದಾರೆ. ನಿಮ್ಮ ಪ್ಯಾಂಟಿಗೆ ಇನ್ನೂ ಕತ್ತರಿನೇ ಹಾಕಿಲ್ಲ. ಮೂಲೆ ಮಾತ್ರ ಕತ್ತರಿಸಿಟ್ಟಿದ್ದಾರೆ. ಅದರ ಮೇಲೆ ನನ್ನ ಚೀಲ ಇದೆ.

(ಇಷ್ಟನ್ನೂ ಅವಳು ಔಷಧಿ ಅಂಗಡಿಯವರ ಮುಖ ನೋಡಿಕೊಂಡೇ ಹೇಳಿದಳು, ಅಪ್ಪನ ಕಡೆ ತಿರುಗಲಿಲ್ಲ. ಅವರು ಒಳಗೆ ಬಂದು, ಚೀಲ ಸರಿಸಿ, ತಮ್ಮ ಬಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಮಾವನಿಗೆ ಕೈಮುಗಿದು ಹೊರಟುಹೋದರು. ದರ್ಜಿ ಅವರನ್ನು ತಡೆಯಲಿಲ್ಲ.)

ಮಿಸ್: ನಾಳೆ ಮಗು ನಿಲ್ಲೋದು ಬೇಡ. ನಿಲ್ಲಬೇಕಾದವರು ನೀವು.

ದರ್ಜಿ: ಬರ್ತೀನಿ ಮಿಸ್. ಎಲ್ಲರ ಮುಂದೆ ನಿಂತು, ನನ್ನ ಮಗಳು ಸುಳ್ಳು ಹೇಳಿದ್ದು ನನ್ನಿಂದ ಅಂತ ಹೇಳ್ತೀನಿ.

ಮಿಸ್: ಯಾವಾಗ ಬರ್ತೀರಿ?

ದರ್ಜಿ: ನಾಳೆ.

(ಮಿಸ್ ಹೆಂಡತಿಯ ಮುಖ ನೋಡಿದರು.)

ಹೆಂಡತಿ: ನಾನೇ ಕರ್ಕೊಂಡು ಬರ್ತೀನಿ ಬಿಡಿ ಮಿಸ್.

(ಮಿಸ್ ಅಲ್ಲೇ ಕೂತು, ಒಂದೊಂದು ಗುಂಡಿಯನ್ನೂ ಕಣ್ಣೆದುರೇ ಹಾಕಿಸಿಕೊಂಡು, ಎಳೆದು ನೋಡಿ, ಕೋಟು ತೊಟ್ಟುಕೊಂಡೇ ಹೋದರು. ಮಗಳು ನಿಜವಾಗಿಯೂ ಕೈಕಾಲು ತೊಳೆಯಲು ಬಚ್ಚಲುಮನೆಗೆ ಹೋದಳು. ಹೆಂಡತಿ ಮೇಜಿನ ಮೇಲಿನ ದಾರದ ಚೂರುಗಳನ್ನು ಗುಡಿಸಿ, ಗಂಡನ ಎದುರು ಬಂದು ನಿಂತಳು.)

ಹೆಂಡತಿ: ಒಂದು ಮಾತು ಕೇಳ್ತೀನಿ. ಔಷಧಿ ಅಂಗಡಿಯವರಿಗೆ ಹಾಗಂದ್ರಲ್ಲ, ಅದು ಮಗಳನ್ನ ಬಿಡಿಸೋಕೆ ಬೇಕಂತಲೇ ಹೇಳಿದ್ದಾ, ಇಲ್ಲ ಅಭ್ಯಾಸಬಲದಿಂದ ಬಾಯಿಗೆ ಬಂತಾ?

(ಮಗಳು ಒದ್ದೆ ಕೈಯಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದಳು. ದರ್ಜಿ ಅವಳ ಮುಖ ನೋಡಿದ.)

ದರ್ಜಿ: ಬೇಕಂತಲೇ ಹೇಳಿದ್ದು.

(ಮಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.)

ಮಾವ: ಮಗು, ನಿನ್ನ ಬಟ್ಟೆಬರೆ ಜೋಡಿಸ್ಕೋ, ನಾಳೆ ಸ್ಕೂಲ್ ಮುಗಿದ ಮೇಲೆ ರೈಲಿಗೆ ಹೋಗೋಣ. ನಿನಗೆ ಫುಲ್ ಟಿಕೆಟ್ ತೆಗೆಸ್ತೀನಿ. ಅಳಿಯಂದ್ರೆ, ನೀವೂ ಬರೋ ಹಾಗಿದ್ರೆ ಬನ್ನಿ. ನಿಮಗೆ ಹಾಫ್ ಟಿಕೆಟ್ ಸಾಕು.